ಒಡೆಯಲೆಂದೇ ಮಾಡಿದ ಬುದ್ಧ

ಜನವರಿ ೧೧, ರವಿವಾರ

ಕನ್ನಡ ಕೂಟದ ಸಭೆ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಯುಗಾದಿಗೆ ಈ ಸಲವೂ ಫ್ಯಾಶನ್ ಶೋ ಅಂತೆ. ಹೋದ ವರ್ಷ ಇಳಕಲ್ ಸೀರೆ, ಈ ವರ್ಷ ಮೈಸೂರು ರೇಷ್ಮೆ. ನಡೆದು ಬರುವ ಹೆಂಗಸರು ಅವರೇ, ತಿರುಗಿ ನಿಲ್ಲುವ ರೀತಿಯೂ ಅದೇ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿದೆ: ಬರುವ ಮಾರ್ಚಿಗೆ ತಾಲಿಬಾನಿನವರು ಬಾಮಿಯಾನದ ಬುದ್ಧರನ್ನು ಸಿಡಿಮದ್ದಿಟ್ಟು ಉರುಳಿಸಿ ಇಪ್ಪತ್ತೈದು ವರ್ಷ ತುಂಬುತ್ತದೆ. ಸಾವಿರದ ನಾನೂರು ವರ್ಷ ಬೆಟ್ಟದ ಗೋಡೆಯಲ್ಲಿ ನಿಂತಿದ್ದವರು ಕೆಲವೇ ವಾರಗಳಲ್ಲಿ ಪುಡಿಯಾದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅದರ ಮೇಲೆ ನಾಟಕ ಆಡೋಣ. ನಾನೇ ಬರೆಯುತ್ತೇನೆ, ನಾನೇ ಆಡಿಸುತ್ತೇನೆ, ವೇದಿಕೆಯ ಮೇಲೆ ಒಬ್ಬ ಬುದ್ಧನನ್ನು ನಿಜವಾಗಿಯೇ ಒಡೆದು ತೋರಿಸುತ್ತೇನೆ.

ಅಧ್ಯಕ್ಷೆ ಸ್ಮಿತಾ ಬೆಂಗಳೂರಿನವಳು, ನಯವಾಗಿ ಮಾತಾಡುತ್ತಾಳೆ. "ಅಂಕಲ್, ಬೇವು ಬೆಲ್ಲದ ಹಬ್ಬಕ್ಕೆ ಬಾಂಬ್ ಯಾಕೆ?" ಎಂದಳು. "ಬರೇ ಬೆಲ್ಲ ತಿಂದು ನಮಗೆಲ್ಲ ಶುಗರ್ ಬಂದಿದೆಯಮ್ಮ, ಸ್ವಲ್ಪ ಬೇವೂ ಇರಲಿ" ಎಂದೆ. ಡಿನ್ನರ್ ಏಳೂವರೆಗೆ ಶುರುವಾಗಲೇಬೇಕು, ಅಷ್ಟರೊಳಗೆ ಬುದ್ಧನನ್ನು ಒಡೆದು ಮುಗಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಈ ಕೆಲಸಕ್ಕೆ ನನಗಿಂತ ಯೋಗ್ಯ ಮನುಷ್ಯ ಇಡೀ ಮಿಷಿಗನ್ನಿನಲ್ಲಿ ಇಲ್ಲ. ಆಬರ್ನ್ ಹಿಲ್ಸಿನ ಕಾರು ಕಂಪನಿಯಲ್ಲಿ ನನ್ನ ಉದ್ಯೋಗವೇ ಹೊಚ್ಚ ಹೊಸ ಕಾರುಗಳನ್ನು ಗೋಡೆಗೆ ಗುದ್ದಿಸಿ ಅವು ಎಲ್ಲಿ ಮುರಿದವು, ಹೇಗೆ ಮುರಿದವು ಎಂದು ನೋಡುವುದು. ಒಡೆಯುವುದೂ ಒಂದು ವಿದ್ಯೆ. ಮೂರ್ಖರ ಕೈಗೆ ಸಿಕ್ಕರೆ ಅದು ಬಾಮಿಯಾನ್ ಆಗುತ್ತದೆ.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಕಲೀಮ್. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನಿಂದ ನಾವು ಜೊತೆ. ಈಗ ಅವನಿಗೆ ಇಲ್ಲೇ ಹತ್ತಿರದ ಕ್ಯಾಂಟನ್‌ನಲ್ಲಿ ಪ್ಯಾಕಿಂಗ್ ಸಾಮಾನಿನ ಅಂಗಡಿ. ಪಾರ್ಕಿಂಗ್ ಲಾಟಿನಲ್ಲಿ ಹೆಗಲ ಮೇಲೆ ಕೈ ಹಾಕಿ, "ಲೇ ಬಸ್ಯಾ, ಬುದ್ಧನ್ನ ಮಾಡಲಿಕ್ಕ ಫೋಮ್ ಎಷ್ಟ ಬೇಕ ಹೇಳು, ಟ್ರಕ್ ತುಂಬ ಕಳಸ್ತೀನಿ. ಆದ್ರ ಹ್ಯೂಯೆನ್ ತ್ಸಾಂಗ್ ಪಾತ್ರ ಮಾತ್ರ ನನಗಿರ್ಲಿ" ಎಂದ. ಬಾಮಿಯಾನದ ಬುದ್ಧರನ್ನು ಕಣ್ಣಾರೆ ಕಂಡು ಬರೆದಿಟ್ಟ ಚೀನೀ ಯಾತ್ರಿಕ, ನಮ್ಮ ಪುಲಿಕೇಶಿಯ ನಾಡಿಗೂ ಬಂದು ಹೋದವನು. ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಪರೀಕ್ಷೆಯಲ್ಲಿ ಅವನ ಮೇಲೊಂದು ಪ್ರಶ್ನೆ ಖಾತ್ರಿ. ಕಲೀಮನ ಊರು ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಗೆ. ಅವನು ಹುಡುಗನಾಗಿದ್ದಾಗ ಕ್ರಿಕೆಟ್ ಆಡಿದ ದಿಬ್ಬವನ್ನು ಆಮೇಲೆ ಸರಕಾರದವರು ಅಗೆದರೆ ಒಳಗೆ ದೊಡ್ಡ ಬೌದ್ಧ ಸ್ತೂಪ, ಅದೂ ಚೂರು ಚೂರು. "ಬುದ್ಧನ ತಲಿ ಮ್ಯಾಲ ಸ್ಟಂಪ್ ನೆಟ್ಟಿದ್ವಿ" ಎಂದು ಇವತ್ತಿಗೂ ಕೊರಗುತ್ತಾನೆ. ನಾನು ಆಯಿತು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ನಿರ್ದೇಶಕ ಆತುರಪಡಬಾರದು.

ಜನವರಿ ೨೫, ರವಿವಾರ

ನಾಟಕ ಬರೆದು ಹೋದ ವಾರವೇ ಎಲ್ಲರಿಗೂ ಕಳಿಸಿದ್ದೆ. ಇಂದು ನಾರ್ತ್‌ವಿಲ್ಲಿನ ನಮ್ಮ ಮನೆಯಲ್ಲಿ ಪಾತ್ರ ಹಂಚಿದೆ. ಹ್ಯೂಯೆನ್ ತ್ಸಾಂಗ್ ನಾನೇ. ಪಾತ್ರದ ಆಳ ಬರೆದವನಿಗಲ್ಲದೆ ಇನ್ನಾರಿಗೆ ಗೊತ್ತು? ತಾಲಿಬಾನಿನ ಇಬ್ಬರು ಸಿಪಾಯಿಗಳು ಶ್ರೀಕಾಂತ್ ಮತ್ತು ಕುನಾಲ್. ಶ್ರೀಕಾಂತ್ ರಾಯಚೂರಿನವನು, ಪ್ಲಿಮತ್‌ನಲ್ಲಿ ಕೆಲಸ. ಕುನಾಲ್ ಇಲ್ಲೇ ಹುಟ್ಟಿದ ಕಾಲೇಜು ಹುಡುಗ. ಅವರ ಕಮಾಂಡರ್ ಕಲೀಮ್.

ಇದನ್ನು ನಾನು ಬಹಳ ಯೋಚಿಸಿ ಮಾಡಿದ್ದೇನೆ. ಗಡ್ಡ ಅವನಿಗೆ ರೆಡಿಮೇಡ್. ಅಂಟಿಸಿದ ಗಡ್ಡವನ್ನು ನಂಬುವಂತಿಲ್ಲ. ಹಿಂದೊಮ್ಮೆ ನಮ್ಮ ಭೀಷ್ಮನ ಗಡ್ಡ ಮಜ್ಜಿಗೆ ಲೋಟಕ್ಕೆ ಬಿದ್ದದ್ದನ್ನು ಕೂಟ ಇನ್ನೂ ಮರೆತಿಲ್ಲ. ಉರ್ದು ಉಚ್ಚಾರವೂ ಶುದ್ಧ. ಬೌದ್ಧ ಭಿಕ್ಷುವಿಗೆ ಗಡ್ಡ ಇರುವುದಿಲ್ಲವಾದ್ದರಿಂದ ಆ ಪಾತ್ರ ಹೇಗೂ ಅವನಿಗೆ ಒಗ್ಗುತ್ತಿರಲಿಲ್ಲ. ಇದನ್ನೆಲ್ಲ ಎಲ್ಲರ ಮುಂದೆ ವಿವರಿಸಿದೆ. ಎಲ್ಲರೂ ಒಮ್ಮೆಲೇ ತಮ್ಮ ಕೈಯ ಕಾಗದ ಓದತೊಡಗಿದರು. ಆಯ್ಕೆ ಅಷ್ಟು ಸರಿಯಾಗಿತ್ತು.

ಕಲೀಮ್ ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟು, "ಆಯ್ತ್ರಿ, ಬಸಯ್ಯನವರ" ಎಂದ. ನನಗೆ ಅವನಿಂದ ಇಂಥ ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ನಿರ್ದೇಶಕನಾದರೆ ಗೌರವ ತಾನಾಗಿ ಬರುತ್ತದೆ. ಅವನ ಹೆಂಡತಿ ಫರೀದಾ ಚಹಾ ಕುಡಿಯದೆ ಹೋದಳು. ಪಾಪ, ಏನೋ ಕೆಲಸವಿದ್ದಿರಬೇಕು.

ಫೆಬ್ರವರಿ ೮, ರವಿವಾರ

ಬುದ್ಧ ಎದ್ದು ನಿಂತಿದ್ದಾನೆ. ಕಲೀಮ್ ಕಳಿಸಿದ ಫೋಮಿನಲ್ಲಿ ಕೊರೆದು ಮಣ್ಣಿನ ಬಣ್ಣ ಬಳಿದೆ. ಗ್ಯಾರೇಜಿನ ಚಾವಣಿಗೆ ತಲೆ ತಗಲುತ್ತದೆ. ಕಾರುಗಳೆರಡೂ ಹೊರಗೆ ಹಿಮದಲ್ಲಿವೆ. ಬೆಳಿಗ್ಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಕಾರಿನ ಗಾಜಿನ ಹಿಮ ಕೆರೆಯುತ್ತ ನನ್ನ ಹೆಂಡತಿ ಪ್ರಭಾವತಿ ಬೌದ್ಧಧರ್ಮದ ಬಗ್ಗೆ ಏನೋ ಅಂದಳು, ಬರೆಯುವಂಥದಲ್ಲ.

ನನ್ನ ಕೈಚಳಕ ಒಳಗಿದೆ. ಮೈಯೆಲ್ಲ ಸಂದು ಕತ್ತರಿಸಿ ಆಯಸ್ಕಾಂತ ಕೂರಿಸಿದ್ದೇನೆ. ಎದೆಯ ಮೇಲೆ ಸರಿಯಾದ ಜಾಗಕ್ಕೆ ಒಂದು ಏಟು ಬಿದ್ದರೆ ಮೊದಲು ಕೈ, ಆಮೇಲೆ ಭುಜ, ಕೊನೆಗೆ ತಲೆ ಉರುಳುತ್ತವೆ. ಜೋಡಿಸಿದರೆ ಮತ್ತೆ ನಿಲ್ಲುತ್ತಾನೆ. ಮುಖ ಮಾತ್ರ ಖಾಲಿ. ಬಾಮಿಯಾನದ ಬುದ್ಧರ ಮುಖಗಳು ಬಹಳ ಹಿಂದೆಯೇ ಹೋಗಿದ್ದವು, ಇತಿಹಾಸಕ್ಕೆ ಅಪಚಾರ ಮಾಡುವವನು ನಾನಲ್ಲ. ಇಂದು ರಿಹರ್ಸಲ್‌ನಲ್ಲಿ ಹುಡುಗರು ಚೆನ್ನಾಗಿ ಒದ್ದರು. ಕಲೀಮ್ ಮಾತ್ರ ತನ್ನ ಮಾತುಗಳನ್ನು ಹಾಲಿನ ಲೆಕ್ಕ ಓದಿದಂತೆ ಓದಿ ಮುಗಿಸಿದ. ಕೂಟದಲ್ಲಿ ಅವನಷ್ಟು ಚೆಂದ ಕನ್ನಡ ಆಡುವವರಿಲ್ಲ, ಆದರೂ ಹೀಗೆ. "ಸ್ವಲ್ಪ ಕ್ರೌರ್ಯ ತಾ" ಎಂದೆ. "ಪ್ರಯತ್ನ ಮಾಡ್ತೀನ್ರಿ" ಎಂದ.

ಫೆಬ್ರವರಿ ೧೪, ಶನಿವಾರ

ಸರ್ವನಾಶ. ನಿನ್ನೆ ನಾನು ಆಫೀಸಿನಲ್ಲಿದ್ದಾಗ ಪ್ರಭಾವತಿ ಬುದ್ಧನಿಗೆ ಕಣ್ಣು, ಮೂಗು, ಬಾಯಿ ಬರೆದುಬಿಟ್ಟಿದ್ದಾಳೆ. "ಮಾರಿ ಇಲ್ಲದ ದೇವರನ್ನ ಮನಿಯಾಗ ಇಟ್ಕೋಬಾರದು. ದಿನಾ ಅವನ ಮುಂದ ಹಾದು ಕಸ ಚೆಲ್ಲಲಿಕ್ಕೆ ಹೋಗಬೇಕು, ನನಗ ಎದಿ ಝಲ್ ಅಂತದ" ಎಂದಳು. ರಂಗೋಲಿಯ ಕೈ. ಕಣ್ಣು ಅರ್ಧ ಮುಚ್ಚಿದ್ದರೂ ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತವೆ.

ಪರಿಣಾಮ ಏನಾಯಿತು? ಇಂದು ಸಂಜೆ ಹುಡುಗರು ಬಂದರು. ಶೂ ಬಿಚ್ಚಿಟ್ಟು ಗ್ಯಾರೇಜಿಗೆ ಕಾಲಿಟ್ಟರು. ಕಾಂಕ್ರೀಟು ಮಂಜುಗಡ್ಡೆಯಂತಿದೆ, ಆದರೂ ಶೂ ಬಿಚ್ಚಿದರು. ಶ್ರೀಕಾಂತ್ "ಕಾಫಿರ್" ಎಂದು ಅಬ್ಬರಿಸಿ ಬುದ್ಧನ ಮೊಣಕಾಲಿಗೆ ಒದ್ದ. ಮರುಕ್ಷಣವೇ ಬಗ್ಗಿ ಆ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆ ಆಡಿಸಿದೆ. ಮತ್ತೆ ಒದ್ದ, ಮತ್ತೆ ಒತ್ತಿಕೊಂಡ. "ಅಲ್ಲಪ್ಪ, ತಾಲಿಬಾನಿಗಳು ಒದ್ದು ನಮಸ್ಕಾರ ಮಾಡ್ತಾರೇನು?" ಎಂದರೆ, "ಗೊತ್ತಾಗಂಗಿಲ್ರಿ ಅಂಕಲ್, ಕೈ ತಾನ ಹೋಗ್ತದ" ಎಂದ. ಇಲ್ಲೇ ಹುಟ್ಟಿದ ಕುನಾಲನಾದರೂ ನೆಟ್ಟಗೆ ಮಾಡುತ್ತಾನೆಂದುಕೊಂಡರೆ ಅವನೂ ಅದೇ. "ಮೈ ಮಾಮ್ ವುಡ್ ಕಿಲ್ ಮಿ, ಅಂಕಲ್" ಎಂದ.

ಮುಖ ಒರೆಸಿಬಿಡೋಣವೆಂದು ಒದ್ದೆ ಬಟ್ಟೆ ತೆಗೆದುಕೊಂಡು ಏಣಿ ಹತ್ತಿದೆ. ಒರೆಸಲಿಲ್ಲ. ಕೆಳಗಿನ ಬಣ್ಣ ಹಾಳಾಗುತ್ತದೆ.

ಫೆಬ್ರವರಿ ೧೭, ಮಂಗಳವಾರ

ಕಲೀಮ್ ಫೋನ್ ಮಾಡಿದ್ದ. ನಾಳೆಯಿಂದ ರಂಜಾನ್, ಉಪವಾಸ. ಅಂಗಡಿಯಲ್ಲೂ ಕೆಲಸ ಜಾಸ್ತಿ. ಪಾತ್ರ ಬೇರೆ ಯಾರಿಗಾದರೂ ಕೊಡಿ ಎಂದ. ಎಷ್ಟು ರಂಜಾನ್‌ಗಳಲ್ಲಿ ನಾಟಕ ಆಡಿಲ್ಲ ಇವನು? ಒಂದು ವರ್ಷ ಖರ್ಜೂರ ಬಾಯಲ್ಲಿಟ್ಟುಕೊಂಡೇ ಕೃಷ್ಣದೇವರಾಯನಾಗಿ ಸಿಂಹಾಸನ ಏರಿದ್ದ. ನೆಪ, ಬರೀ ನೆಪ.

೨೦೦೧ರಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಟಿವಿಯಲ್ಲಿ ಆ ಹೊಗೆ, ಆ ಧೂಳು ಕಂಡಾಗ ನಾನು ಬಾಯಿಗೆ ಬಂದಂತೆ ಬೈದೆ. ಇವನು ಬೈಯಲಿಲ್ಲ, ಟಿವಿ ಆರಿಸಿ ಹೋಗಿ ಮಲಗಿದ, ಎರಡು ದಿನ ಊಟ ಬಿಟ್ಟ. ಅಂಥ ಮನುಷ್ಯನಿಗೆ ಈಗ ಅದರ ಮೇಲಿನ ನಾಟಕಕ್ಕೆ ಸಮಯವಿಲ್ಲ.

ಫೆಬ್ರವರಿ ೨೨, ರವಿವಾರ

ಕಮಾಂಡರ್ ಸಿಗುತ್ತಿಲ್ಲ. ಒಬ್ಬನ ಗ್ರೀನ್ ಕಾರ್ಡ್ ಬಾಕಿ ಇದೆ: "ಅಂಕಲ್, ಯಾರಾದ್ರೂ ವಿಡಿಯೊ ಅಪ್‌ಲೋಡ್ ಮಾಡಿದ್ರೆ? ನಾನು ಗನ್ ಹಿಡ್ಕೊಂಡು, ಟರ್ಬನ್ ಸುತ್ಕೊಂಡು?" ಇನ್ನೊಬ್ಬ ಡಾಕ್ಟರ್: "ಪೇಷೆಂಟ್ಸ್ ನೋಡಿದ್ರೆ ಏನಂತಾರೆ?" ವಿಜಯ್ ಕುಮಾರ್ ಬ್ಯಾಂಕಿನವನು: "ಒಂದ್ಸಲ ಆ ಫೋಟೊ ಇಂಟರ್‌ನೆಟ್‌ಗೆ ಹೋದ್ರೆ ಲೈಫ್ ಲಾಂಗ್ ಹೋಗಲ್ಲ ಸಾರ್."

ಯೋಚಿಸಿ ನೋಡಿದರೆ ಮೂವರದೂ ನಿಜವೇ. ಕೆಲಸ, ಸಂಸಾರ ಇದ್ದವರು ಅಂಥ ವೇಷದಲ್ಲಿ ಹೇಗೆ ನಿಂತಾರು? ಯಾರನ್ನೂ ಒತ್ತಾಯಿಸಲಿಲ್ಲ. ಕಲೀಮನಿಗೆ ಮಾತ್ರ ಇಂಥ ಯಾವ ತೊಂದರೆಯೂ ಇರಲಿಲ್ಲ, ಅವನು ಯಾವತ್ತೋ ಸಿಟಿಜನ್.

ಇದನ್ನು ಊಟಕ್ಕೆ ಕೂತಾಗ ಪ್ರಭಾವತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಕಲೀಮ್ ಅವರನ್ನ ಏರ್‌ಪೋರ್ಟ್‌ನಾಗ ಪ್ರತಿ ಸಲ ಬಾಜೂಕ ಕರದು ನಿಂದರಸ್ತಾರ. ಮನಿ ಮಂದಿ ಅಂತ ನಮ್ಮ ನಡುವ ಬಂದ್ರ, ನೀವು ಸ್ಟೇಜ್ ಮ್ಯಾಲ ನಿಂದರಸಬೇಕಂತೀರಿ" ಎಂದಳು. ನಾಟಕ ಬೇರೆ, ಜೀವನ ಬೇರೆ ಎಂದು ನಾನು ವಿವರಿಸತೊಡಗಿದೆ. ಅವಳು ಮಿಕ್ಸಿ ಹಾಕಿದಳು. ಅದರಲ್ಲಿ ಏನೂ ಇರಲಿಲ್ಲ.

ಫೆಬ್ರವರಿ ೨೪, ಮಂಗಳವಾರ

ತೀರ್ಮಾನವಾಯಿತು. ಕಮಾಂಡರ್ ನಾನೇ. ಹ್ಯೂಯೆನ್ ತ್ಸಾಂಗ್ ವಿಜಯ್ ಕುಮಾರ್‌ಗೆ. ನಿನ್ನೆಯಿಂದ ಗಡ್ಡ ಬಿಟ್ಟಿದ್ದೇನೆ. ಕೆರೆಯುತ್ತದೆ.

ಮಾರ್ಚ್ ೭, ಶನಿವಾರ

ಶಿಕಾಗೊಗೆ ಹೋಗಿ ದೇಸಿ ಅಂಗಡಿಗಳ ಬೀದಿ ಡೆವನ್ ಅವೆನ್ಯೂದಲ್ಲಿ ಪಠಾಣಿ ಡ್ರೆಸ್ಸು, ರುಮಾಲು, ಮರದ ಬಂದೂಕು ಕೊಂಡು ಬಂದೆ. ಹೊಸ ಬಟ್ಟೆಯ ಗರಿ ಮುರಿಯಲೆಂದು ಅದನ್ನೇ ಹಾಕಿಕೊಂಡು ಡ್ರೈವ್ ಮಾಡಿದೆ. ಗ್ಯಾಸ್ ಸ್ಟೇಷನ್ನಿನಲ್ಲಿ ಕಾಫಿ ಕೊಟ್ಟ ಹುಡುಗಿ ನನ್ನ ಮುಖ ನೋಡದೆ ಚಿಲ್ಲರೆ ಕೌಂಟರ್ ಮೇಲೆ ಸರಿಸಿದಳು. ದಿನಾ ಅದೇ ಕೆಲಸ ಮಾಡಿ ಬೇಸತ್ತಿರಬೇಕು.

ಊರು ಇನ್ನೂ ನೂರು ಮೈಲಿ ಇರುವಾಗ ಹಿಂದೆ ಕೆಂಪು ನೀಲಿ ದೀಪ. ನನ್ನ ಕಾರಿನ ಒಂದು ಟೇಲ್ ಲೈಟ್ ಉರಿಯುತ್ತಿರಲಿಲ್ಲವಂತೆ. ಪೊಲೀಸಪ್ಪ ಬಗ್ಗಿ ನನ್ನನ್ನು ನೋಡಿದ, ಹಿಂದಿನ ಸೀಟಿನ ಬಂದೂಕು ನೋಡಿದ, ನಿಧಾನವಾಗಿ ನೆಟ್ಟಗಾದ. ಇದೆಲ್ಲ ಯಾಕೆ ಎಂದ. ಹೊಸ ವರ್ಷದ ಹಬ್ಬಕ್ಕೆ ಎಂದೆ. ಮಾರ್ಚಿನಲ್ಲಿ ಎಂಥ ಹೊಸ ವರ್ಷ ಎಂದ. ನಾನು ಚಾಂದ್ರಮಾನ ಪಂಚಾಂಗ ವಿವರಿಸಲು ಶುರುಮಾಡಿದೆ, ಅಲ್ಲಿ ಕೆಟ್ಟಿತು. ಇನ್ನೊಂದು ಕಾರು ಬಂತು. ಹೆಸರೇನು, ಊರೇನು, ಎಲ್ಲಿಂದ ಬಂದೆ, ಯಾರನ್ನು ನೋಡಿದೆ. ಕೈ ಕಾಣುವಂತೆ ಇಟ್ಟುಕೊಂಡು ಹೊರಗೆ ಗಾಳಿಯಲ್ಲಿ ನಿಂತಿದ್ದೆ. ಅವರು ಗದರಿಸಲಿಲ್ಲ, ಸಾರ್ ಎಂದೇ ಮಾತಾಡಿಸಿದರು. ಆದರೂ ಅವರು ಕೇಳದ ಪ್ರಶ್ನೆಗಳಿಗೂ ನಾನು ಉತ್ತರ ಕೊಟ್ಟೆ. ಒಂದು ತಾಸಿನ ಮೇಲೆ ಬಂದೂಕು ಮರದ್ದೆಂದು ಖಾತ್ರಿ ಮಾಡಿಕೊಂಡು, ಹ್ಯಾಪಿ ನ್ಯೂ ಇಯರ್ ಹೇಳಿ ಕಳಿಸಿದರು.

ಪ್ರಭಾವತಿಗೆ ಫೋನ್ ಮಾಡಬೇಕಿತ್ತು. ಬೆರಳು ಅಭ್ಯಾಸಬಲದಿಂದ ಕಲೀಮನ ನಂಬರ್ ಒತ್ತಿತು. ಎಲ್ಲ ಹೇಳಿದೆ. ಕೇಳಿದವರು ಬಿದ್ದು ಬಿದ್ದು ನಗಬೇಕು, ಅವನು ನಗಲಿಲ್ಲ. "ಬರೇ ಒಂದ ತಾಸ?" ಎಂದ. ಆಮೇಲೆ, "ಟೇಲ್ ಲೈಟ್ ನಾಳೆನೇ ರಿಪೇರಿ ಮಾಡಿಸ್ಕೋರಿ. ನಾ ಪ್ರತಿ ತಿಂಗಳ ಚೆಕ್ ಮಾಡ್ತೀನಿ" ಎಂದ.

ತಿಂಗಳಿಗೊಮ್ಮೆ ಟೇಲ್ ಲೈಟ್ ಚೆಕ್ ಮಾಡುವ ಮನುಷ್ಯನನ್ನು ನಾನು ಕಂಡಿರಲಿಲ್ಲ. ಕಾರು ಕಂಪನಿಯಲ್ಲಿರುವ ನಾನೇ ಮಾಡುವುದಿಲ್ಲ.

ಮಾರ್ಚ್ ೧೫, ರವಿವಾರ

ಗ್ಯಾರೇಜಿನಲ್ಲಿ ಬುದ್ಧನ ಪಾದದ ಹತ್ತಿರ ಎರಡು ಬಾಳೆಹಣ್ಣು, ಒಂದು ಡಾಲರ್. ಯಾರಿಟ್ಟರೋ. ವಿಜಯ್ ಕುಮಾರ್ ಹ್ಯೂಯೆನ್ ತ್ಸಾಂಗ್‌ನ ಮಾತುಗಳನ್ನು ಹೋಮ್ ಲೋನ್ ವಿವರಿಸಿದಂತೆ ಹೇಳುತ್ತಾನೆ. ನಾನು ಏನೂ ಅನ್ನಲಿಲ್ಲ. ಈಚೆಗೆ ಬೈಯಲು ಮನಸ್ಸಾಗುವುದಿಲ್ಲ. ಗಡ್ಡದ ಕೆರೆತದಿಂದ ನಿದ್ದೆ ಸರಿಯಾಗುತ್ತಿಲ್ಲ, ಅದಕ್ಕೇ ಇರಬೇಕು.

ಮಾರ್ಚ್ ೨೦, ಶುಕ್ರವಾರ

ನಿನ್ನೆ ಯುಗಾದಿ, ಇಂದು ರಂಜಾನ್ ಹಬ್ಬ. ಪ್ರತಿ ವರ್ಷ ಹಬ್ಬದ ಬೆಳಿಗ್ಗೆ ಕಲೀಮನ ಫೋನ್ ಬರುತ್ತದೆ: ಶಾವಿಗೆ ಖುರ್ಮಾ ಆರುತ್ತಿದೆ, ಬಾ. ಈ ಸಲ ಬರಲಿಲ್ಲ. ಹನ್ನೊಂದರವರೆಗೆ ಫೋನನ್ನು ಜೇಬಿನಿಂದ ತೆಗೆದು ತೆಗೆದು ನೋಡಿದೆ. ಆಮೇಲೆ ಪ್ರಭಾವತಿ ಹೋಳಿಗೆ ಕಟ್ಟಿಕೊಟ್ಟು, "ಹೋಗ್ರಿ. ಮಾತು ಬರದಿದ್ರ ಡಬ್ಬಿ ಮುಂದ ಮಾಡ್ರಿ" ಎಂದಳು.

ದಾರಿಯಲ್ಲಿ ವಿಜಯ್ ಕುಮಾರ್‌ಗೆ ಫೋನ್ ಮಾಡಿ ಪಾತ್ರದಿಂದ ತೆಗೆದೆ. ಅವನು ಥ್ಯಾಂಕ್ಸ್ ಹೇಳಿದ. ಪರದೆ ಎಳೆಯುತ್ತಾನಂತೆ.

ಬಾಗಿಲು ತೆಗೆದ ಫರೀದಾ ನನ್ನ ಗಡ್ಡ ನೋಡಿ ಬಾಯಿಗೆ ಸೆರಗು ಹಿಡಿದಳು. ಕಲೀಮ್ ಎದ್ದು ಬಂದು ಬಹಳ ಹೊತ್ತು ನೋಡಿದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ, ಆದರೆ ಡಬ್ಬಿ ಮುಂದೆ ಮಾಡಿದೆ. "ಹ್ಯೂಯೆನ್ ತ್ಸಾಂಗ್ ನೀನ ಮಾಡಬೇಕು"  ಎಂದೆ.

"ಭಿಕ್ಷುಗ ಗಡ್ಡ ಇರಂಗಿಲ್ಲಂತ ನೀವ ಅಂದಿದ್ರಿ."

"ಚೀನಾದಿಂದ ನಡಕೋತ ಬಂದಾನ. ದಾರಿಯಾಗ ಕಟಿಂಗ್ ಶಾಪ್ ಎಲ್ಲಿದ್ವು?"

"ನಾಳೆ ನಾಟಕ. ಅಷ್ಟೂ ಮಾತು ಒಂದ ದಿನದಾಗ ಹೆಂಗ ಬರ್ತಾವು?"

ಅವನು ಮುಗಿಸುವ ಮೊದಲೇ ಫರೀದಾ ಒಳಗಿಂದ ಹೇಳಿದಳು: "ಅವರಿಗೆ ಎಲ್ಲಾ ಬರ್ತದ್ರಿ ಅಣ್ಣಾ. ನೀವು ನಾಟಕ ಕಳಿಸಿದ ವಾರನ ಬಾಯಿಪಾಠ ಮಾಡ್ಯಾರ. ಪಾತ್ರ ಹಂಚಿದ ದಿವಸಾನೂ ನಿಮ್ಮ ಮನಿ ತನಕ ಕಾರಿನಾಗ ಹೇಳ್ಕೋತನ ಬಂದಿದ್ರು."

ನಾನು ಸೋಫಾದ ಮೇಲೆ ಕೂತೆ. ಬಾಯಿಪಾಠ ಮಾಡಿಕೊಂಡು ಬಂದವನ ಮುಂದೆ ಕೂತು ನಾನು ಅವನ ಗಡ್ಡದ ಗುಣಗಾನ ಮಾಡಿದ್ದೆ. "ತಪ್ಪಾತೋ ಕಲೀಮ್" ಎಂದೆ. ಅವನು ಖುರ್ಮಾದ ಬಟ್ಟಲು ತಂದು ನನ್ನ ಕೈಗಿಟ್ಟು, "ತಿನ್ನು ಮೊದ್ಲ. ಗಡ್ಡಕ್ಕ ಹತ್ತಸ್ಕೋಬ್ಯಾಡ" ಎಂದ.

ಮಾರ್ಚ್ ೨೨, ರವಿವಾರ

ಬೆಳಿಗ್ಗೆ ಎದ್ದ ಕೂಡಲೇ ಗಡ್ಡ ತೆಗೆದೆ. ಹತ್ತು ನಿಮಿಷ ಹಿಡಿಯಿತು.

ನಿನ್ನೆಯ ನಾಟಕ ಗೆದ್ದಿತು. ಕಲೀಮ್ ಕಾವಿ ಹೊದ್ದು, ಕೋಲೂರಿ ಬಂದು ಬುದ್ಧನ ಮುಂದೆ ನಿಂತು ತಲೆಯೆತ್ತಿದಾಗ ಹಿಂದಿನ ಸಾಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಿದ್ದವರೂ ನಿಲ್ಲಿಸಿದರು. ಪಕ್ಕದಲ್ಲಿ ಬಂದೂಕು ಹಿಡಿದು ಕಾಯುತ್ತಿದ್ದ ನನಗೆ ಅವು ನಾನೇ ಬರೆದ ಮಾತುಗಳೆಂದು ನೆನಪಾಗಲಿಲ್ಲ. ಸನ್ನತಿಯ ದಿಬ್ಬದ ಹುಡುಗ ಮಾತಾಡುತ್ತಿದ್ದಾನೆ ಅನಿಸಿತು.

ಕೊನೆಯ ದೃಶ್ಯದಲ್ಲಿ ಶ್ರೀಕಾಂತ್ ಒದ್ದು, ಮುಟ್ಟಿ ಕಣ್ಣಿಗೊತ್ತಿಕೊಂಡ. ಜನ ನಕ್ಕರು. ಆಮೇಲೆ ನಾನು ಮುಂದೆ ಬಂದು ಎದೆಗೆ ಏಟು ಹಾಕಿದೆ. ಕೈ, ಭುಜ, ತಲೆ, ನಾನು ಲೆಕ್ಕ ಹಾಕಿದ ಕ್ರಮದಲ್ಲೇ ಬಿದ್ದವು. ನಗು ನಿಂತಿತು. ಯಾವುದೋ ಮಗು ಅಳತೊಡಗಿತು. ತಲೆ ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು, ಪ್ರಭಾವತಿ ಬರೆದ ಕಣ್ಣು ಮೇಲೆ ಮಾಡಿಕೊಂಡು. ಆಗ ನಾನೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆನೆಂದು ಸ್ಮಿತಾ ಹೇಳುತ್ತಾಳೆ. ಸಾಧ್ಯವೇ ಇಲ್ಲ ಎಂದು ವಾದಿಸಿದೆ. ವಿಡಿಯೊ ನೋಡಿದೆ. ಹೌದು.

ಡಿನ್ನರ್ ಸರಿಯಾಗಿ ಏಳೂವರೆಗೆ ಶುರುವಾಯಿತು. ವೇಷ ಬಿಚ್ಚಲು ಪುರುಸೊತ್ತಾಗದೆ ಹಾಗೇ ತಟ್ಟೆ ಹಿಡಿದು ಹೋದೆ. ಸಾಲಿನಲ್ಲಿ ನನ್ನ ಮುಂದಿದ್ದ ಪುಟ್ಟ ಹುಡುಗಿ ಅಮ್ಮನ ಹಿಂದೆ ಸರಿದಳು. ಒಂದು ಮೇಜಿನಲ್ಲಿ ಶ್ರೀಕಾಂತನ ತಂದೆ ರೇವಣಪ್ಪನವರ ಪಕ್ಕ ಕೂತೆ. ಊರಿಂದ ಬಂದ ಹಿರಿಯರು, ಬಹಳ ಒಳ್ಳೆಯವರು. "ಪಾತ್ರ ಅಂತ ಗೊತ್ತದರಿ ಬಸಯ್ಯನವರ, ಆದ್ರ ಮನಸ್ಸು ಕೇಳವಲ್ದು" ಎಂದು ಕೈಮುಗಿದು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ನೀರು ತರಲು ಎದ್ದರು, ತಿರುಗಿ ಬರಲಿಲ್ಲ. ನನ್ನ ಹೆಂಡತಿಯೂ ದೂರದಿಂದಲೇ ಕೈ ಬೀಸಿ ಹೆಂಗಸರ ಜೊತೆ ಕೂತಳು. ನಗೆಯಾಟವೇ, ನನಗೂ ಗೊತ್ತು. ಆದರೂ ಖಾಲಿ ಕುರ್ಚಿಗಳ ನಡುವೆ ಹೋಳಿಗೆ ಮುರಿಯುತ್ತ ಕೂತೆ, ತಿನ್ನಲಿಲ್ಲ.

ಅಷ್ಟು ಹೊತ್ತು ಕಲೀಮನ ಸುತ್ತ ಸೆಲ್ಫಿ ಗುಂಪು. ಎಲ್ಲರಿಗೂ ಹ್ಯೂಯೆನ್ ತ್ಸಾಂಗ್ ಬೇಕು. ಅವನು ಅವರನ್ನೆಲ್ಲ ದಾಟಿ, ಕಾವಿ ಸರಿಮಾಡಿಕೊಳ್ಳುತ್ತ ಬಂದು ನನ್ನ ಪಕ್ಕದ ಕುರ್ಚಿ ಎಳೆದು ಕೂತ.

"ನೋಡೋ ಕಲೀಮ್, ನಾ ಏನ ಮಾಡೀನಿ ಅಂತ ಎದ್ದು ಹೋಗ್ತಾರ? ಬರೇ ಗಡ್ಡ, ಬರೇ ಬಟ್ಟಿ" ಎಂದೆ.

ಅವನು ನನ್ನ ಹೋಳಿಗೆಯ ಮೇಲೆ ತುಪ್ಪ ಹಾಕಿದ. "ಊಟ ಮಾಡು. ರೂಢಿ ಆಗ್ತದ" ಎಂದ.

ನಾನು ಅವನ ಮುಖ ನೋಡಿದೆ. ಅವನು ತುಪ್ಪದ ಬಟ್ಟಲನ್ನು ಮುಚ್ಚಿಟ್ಟು ಊಟ ಶುರುಮಾಡಿದ್ದ.